ಮೆಟ್ಟಿಲ ರೇಲಿಂಗಿನ ಬಿಲ್ಲಿನಲ್ಲಿ ಲೋಹದ ದರ್ಜೆ ಬರೆಸಿಕೊಳ್ಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ದೀಪಾವಳಿ ಕಳೆದು ಮಳೆ ಹಿಂದೆ ಸರಿದ ಮೇಲೆ ನಮ್ಮ ಕಾಸರಗೋಡು ಸೀಮೆಯಲ್ಲಿ ಮನೆ ಕಟ್ಟುವ ಕೆಲಸಗಳು ಮತ್ತೆ ಚುರುಕಾಗುತ್ತವೆ. ಮುಂದಿನ ಪತ್ತನಾಜೆಯೊಳಗೆ (ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ತುಳುನಾಡಿನ ಆಚರಣೆಯ ದಿನ) ಮನೆಯೊಕ್ಕಲು, ಅಂದರೆ ಗೃಹಪ್ರವೇಶ, ಮುಗಿಸಬೇಕೆಂದು ಓಡಾಡುವವರು ಮುರಕಲ್ಲಿನ (ಜಂಬಿಟ್ಟಿಗೆಯ) ಗಟ್ಟಿತನವನ್ನು ಕೈಯಾರೆ ತಟ್ಟಿ ನೋಡುತ್ತಾರೆ, ಬಾಗಿಲ ಮರಕ್ಕಾಗಿ ನಾಲ್ಕು ಮಿಲ್ಲು ಸುತ್ತುತ್ತಾರೆ, ನೆಲದ ಟೈಲ್ಸಿನ ಬಣ್ಣ ಆರಿಸಲು ಮನೆಮಂದಿಯೆಲ್ಲ ಪೇಟೆಗೆ ಹೋಗಿಬರುತ್ತಾರೆ. ಮೆಟ್ಟಿಲಿನ ರೇಲಿಂಗಿನ ಸರದಿ ಬರುವಷ್ಟರಲ್ಲಿ ಕೈಯ ಹಣವೂ ತಾಳ್ಮೆಯೂ ತೀರಿರುತ್ತವೆ. ವೆಲ್ಡಿಂಗ್ ಅಂಗಡಿಯವರ ಮೊಬೈಲಿನಲ್ಲಿ ಎರಡು ಚಿತ್ರ ನೋಡಿ, ಅಡಿಗೆ ಎಷ್ಟು ಎಂದು ಕೇಳಿ, ಹತ್ತು ನಿಮಿಷದಲ್ಲಿ ಆ ಕೆಲಸ ತೀರ್ಮಾನವಾಗಿಬಿಡುತ್ತದೆ. ಏಳು ವರ್ಷಗಳ ಹಿಂದೆ ನಾನೂ ಹಾಗೆಯೇ ಮಾಡಿದೆ. ಅದರಿಂದ ಏನಾಯಿತು, ಆಮೇಲೆ ಕೇಳಿ ಓದಿ ತಿಳಿದುಕೊಂಡದ್ದೇನು ಎಂಬುದನ್ನು ಈಗ ಮನೆ ಕಟ್ಟುತ್ತಿರುವವರಿಗೂ ಶಾಲೆ, ಕಚೇರಿಗಳ ಕಾಮಗಾರಿ ನೋಡಿಕೊಳ್ಳುವವರಿಗೂ ತಲಪಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೆ ಕ್ಷಮಿಸಬೇಕು.

ನಮ್ಮ ಮನೆ ಕುಂಬಳೆಯ ಬಳಿ, ಕಡಲಿನಿಂದ ಎರಡು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದೆ. ಅಂಗಳದಿಂದ ತಾರಸಿಗೆ ಹೋಗಲು ಹೊರಗಡೆ ಹದಿನೆಂಟು ಮೆಟ್ಟಿಲುಗಳಿದ್ದು, ಅವುಗಳಿಗೆ ‘ಸ್ಟೀಲ್’ ರೇಲಿಂಗ್ ಹಾಕಿಸಿದ್ದೆವು. ಕನ್ನಡಿಯಂತೆ ಹೊಳೆಯುತ್ತಿದ್ದ ಕಂಬಿಗಳ ಮೇಲೆ ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಚಹಾದ ಕಲೆಯಂಥ ಕಂದು ಚುಕ್ಕಿಗಳು ಕಾಣಿಸಿಕೊಂಡವು. ಮಳೆ ನೇರವಾಗಿ ಬೀಳುವ ಮೇಲ್ಭಾಗ ಚೆನ್ನಾಗಿಯೇ ಇತ್ತು. ಸೂರಿನ ಮರೆಯಲ್ಲಿದ್ದ ಭಾಗ, ಕಂಬಿಯ ತಳಬದಿ ಮತ್ತು ಬೆಸುಗೆಯ ಸುತ್ತುಗಟ್ಟು ಮಾತ್ರ ಕೆಟ್ಟಿದ್ದವು. ಪಾತ್ರೆ ತಿಕ್ಕುವ ಕಬ್ಬಿಣದ ನಾರಿನಿಂದ ಉಜ್ಜಿ ತೆಗೆದೆ. ಒಂದೇ ತಿಂಗಳಲ್ಲಿ ಕಲೆಗಳು ಮೊದಲಿಗಿಂತ ಹೆಚ್ಚಾಗಿ ಮರಳಿದವು. ನಾಲ್ಕನೆಯ ವರ್ಷ, ತಾರಸಿಯಲ್ಲಿ ಒಣಹಾಕಿದ್ದ ಅಡಿಕೆಯನ್ನು ಮಗುಚಿ ಇಳಿದು ಬರುತ್ತಿದ್ದ ಅಮ್ಮ ಆರನೆಯ ಮೆಟ್ಟಿಲಿನಲ್ಲಿ ಕಂಬಿಗೆ ಭಾರ ಕೊಟ್ಟಾಗ ಒಂದು ಕಂಬ ಬುಡದಿಂದಲೇ ಕಿತ್ತು ಹೊರಬದಿಗೆ ವಾಲಿತು. ಆಗ ಅವರಿಗೆ 78 ವರ್ಷ. ಪುಣ್ಯಕ್ಕೆ ಅವರು ಒಳಬದಿಗೆ ಕುಸಿದು ಕುಳಿತರು. ಬಲಗೈಯ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಬೇಕಾಯಿತು. ಇಂದಿಗೂ ಅವರು ಆ ಮೆಟ್ಟಿಲುಗಳನ್ನು ಗೋಡೆಗೆ ಅಂಗೈ ಊರಿಕೊಂಡೇ ಇಳಿಯುತ್ತಾರೆ. ಹೊಸ ಕಂಬಿಯನ್ನು ಮುಟ್ಟುವುದಿಲ್ಲ.

ಕಂಬದ ಬುಡವನ್ನು ಮುಚ್ಚಲು ಕೂರಿಸಿದ್ದ ದುಂಡು ಬಟ್ಟಲನ್ನು ಮೇಲಕ್ಕೆ ಸರಿಸಿ ನೋಡಿದಾಗ ಕಾರಣ ಕಣ್ಣಿಗೆ ಬಿತ್ತು. ಅಡಿಯ ಪ್ಲೇಟಿಗೆ ಬರೀ ಕಲೆ ಹಿಡಿದಿತ್ತು, ಆದರೆ ಅದನ್ನು ಮೆಟ್ಟಿಲಿಗೆ ಬಿಗಿದಿದ್ದ ನಾಲ್ಕು ಬೋಲ್ಟುಗಳಲ್ಲಿ ಎರಡು ಮೊಳೆಯಷ್ಟು ಸವೆದಿದ್ದವು. ಬೆರಳು ತಾಗಿಸಿದರೆ ತುಕ್ಕು ಅವಲಕ್ಕಿಯಂತೆ ಪದರಪದರವಾಗಿ ಉದುರುತ್ತಿತ್ತು. ಕಂಬಿ ಸ್ಟೀಲಿನದಾಗಿದ್ದರೂ ಬೋಲ್ಟು ಸತುವಿನ ತೆಳು ಲೇಪವಿದ್ದ ಸಾದಾ ಕಬ್ಬಿಣದ್ದಾಗಿತ್ತು. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ನೆನೆದರೆ ಅಲ್ಲಿ ಸಣ್ಣದೊಂದು ಬ್ಯಾಟರಿಯೇ ಏರ್ಪಡುತ್ತದೆ. ಅವೆರಡರಲ್ಲಿ ಬೇಗ ಕರಗುವ ಗುಣದ್ದು ಇನ್ನೊಂದನ್ನು ಉಳಿಸಿ ತಾನು ಸವೆಯುತ್ತದೆ. ಸ್ಟೀಲಿನ ಮೈ ದೊಡ್ಡದಾಗಿದ್ದು ಕಬ್ಬಿಣದ ಬೋಲ್ಟು ಚಿಕ್ಕದಾಗಿದ್ದರೆ ಆ ಸವೆತ ಇನ್ನಷ್ಟು ವೇಗವಾಗುತ್ತದೆ. ಮುಚ್ಚಳದ ಬಟ್ಟಲು ಅಂದ ಹೆಚ್ಚಿಸಿತ್ತು ನಿಜ, ಆದರೆ ನೀರನ್ನೂ ಉಪ್ಪನ್ನೂ ಒಳಗೆ ಹಿಡಿದಿಟ್ಟು ತುಕ್ಕನ್ನು ನಮ್ಮ ಕಣ್ಣಿನಿಂದ ಮರೆಮಾಡಿದ್ದೂ ಅದೇ. ಬಿಲ್ಲು ಹುಡುಕಿ ತೆಗೆದರೆ ಅದರಲ್ಲಿ ‘ಸ್ಟೀಲ್ ರೇಲಿಂಗ್, ಫಿಟ್ಟಿಂಗ್ ಸಹಿತ’ ಎಂಬ ಒಂದು ಸಾಲು, ಅಡಿಗಳ ಲೆಕ್ಕ ಮತ್ತು ಮೊತ್ತ ಬಿಟ್ಟರೆ ಬೇರೇನೂ ಇರಲಿಲ್ಲ. ಯಾವ ಸ್ಟೀಲ್, ಎಷ್ಟು ದಪ್ಪ, ಯಾವ ಬೋಲ್ಟು ಎಂಬ ಮಾತೇ ಇಲ್ಲದ ಕಾಗದ ಹಿಡಿದು ಯಾರಲ್ಲಿ ನ್ಯಾಯ ಕೇಳುವುದು? ಕೆಲಸ ಮಾಡಿದವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಎಲ್ಲರ ಮನೆಗೂ ಹಾಕುವುದನ್ನೇ ಅವರು ನಮ್ಮ ಮನೆಗೂ ಹಾಕಿದ್ದರು, ನಾವು ಕೇಳಿರಲಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ತುಕ್ಕೇ ಹಿಡಿಯದ ಲೋಹವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕನಿಷ್ಠ 10.5 ಶೇಕಡಾ ಕ್ರೋಮಿಯಂ ಬೆರೆತ ಉಕ್ಕಿಗೆ ಆ ಹೆಸರು. ಈ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆಯನ್ನು ಮೇಲ್ಮೈಯಲ್ಲಿ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೂ ಪೊರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಆ ಪೊರೆಯ ದೊಡ್ಡ ವೈರಿ ಉಪ್ಪಿನಲ್ಲಿರುವ ಕ್ಲೋರೈಡ್. ಕಡಲಗಾಳಿ ತಂದ ಉಪ್ಪು ಕಂಬಿಯ ಮೇಲೆ ಕುಳಿತು, ರಾತ್ರಿಯ ತೇವಕ್ಕೆ ಕರಗಿ, ಹಗಲಿನ ಬಿಸಿಲಿಗೆ ಗಟ್ಟಿಯಾಗುತ್ತ ಹೋದಂತೆ ಪೊರೆ ಅಲ್ಲಲ್ಲಿ ತೂತಾಗಿ ಚುಕ್ಕಿ ಏಳುತ್ತದೆ. ಮಳೆ ಬೀಳುವ ಭಾಗ ತೊಳೆದುಹೋಗುವುದರಿಂದ ಚೆನ್ನಾಗಿರುತ್ತದೆ, ಸೂರಿನ ಅಡಿಯಲ್ಲಿ ತೊಳೆಯುವವರಿಲ್ಲದೆ ಉಪ್ಪು ಪೇರುತ್ತದೆ. ನಮ್ಮ ರೇಲಿಂಗಿನ ತಳಬದಿಯೇ ಮೊದಲು ಕೆಟ್ಟದ್ದು ಈ ಕಾರಣಕ್ಕೆ. ನಾನು ಉಜ್ಜಿದ ಕಬ್ಬಿಣದ ನಾರು ಮಾಡಿದ ಉಪಕಾರವೆಂದರೆ, ತನ್ನ ಸಣ್ಣ ಸಣ್ಣ ಕಣಗಳನ್ನು ಅಲ್ಲಿಯೇ ಬಿಟ್ಟು ಹೊಸ ತುಕ್ಕಿಗೆ ಬೀಜ ಹಾಕಿದ್ದು.

ಪೇಟೆಯಲ್ಲಿ ರೇಲಿಂಗಿಗೆ ಬಳಸುವ ಸ್ಟೀಲಿನಲ್ಲಿ ಮುಖ್ಯವಾಗಿ ಮೂರು ದರ್ಜೆಗಳಿವೆ, ಅವನ್ನು 202, 304, 316 ಎಂಬ ಸಂಖ್ಯೆಗಳಿಂದ ಗುರುತಿಸುತ್ತಾರೆ. 304ರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ ಮತ್ತು 8 ಶೇಕಡಾ ನಿಕ್ಕಲ್ ಇರುತ್ತದೆ. ನಿಕ್ಕಲ್ ದುಬಾರಿಯಾದ್ದರಿಂದ 202ರಲ್ಲಿ ಅದನ್ನು 4ರಿಂದ 6 ಶೇಕಡಾಕ್ಕೆ ಇಳಿಸಿ ಮ್ಯಾಂಗನೀಸನ್ನು ಹೆಚ್ಚಿಸಿರುತ್ತಾರೆ. ಬಲದಲ್ಲಿ ಅದು ಕಡಿಮೆಯೇನಲ್ಲ, ಆದರೆ ಉಪ್ಪು ತಡೆಯುವ ಶಕ್ತಿಯಲ್ಲಿ 304ರ ಸಮಕ್ಕೆ ಬರುವುದಿಲ್ಲ. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಬೆರೆತಿರುವುದರಿಂದ ಕ್ಲೋರೈಡಿನ ಹೊಡೆತವನ್ನು ಅದು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆ. ಹೊಸತಾಗಿದ್ದಾಗ ಮೂರೂ ಒಂದೇ ರೀತಿ ಹೊಳೆಯುತ್ತವೆ, ಕಣ್ಣಿನಿಂದ ಭೇದ ತಿಳಿಯುವುದು ಸಾಧ್ಯವೇ ಇಲ್ಲ. ಆಯಸ್ಕಾಂತ ಹಿಡಿದು ನೋಡಿದರೆ ಸಾಕೆಂದು ಹಲವರು ಹೇಳುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಆಯಸ್ಕಾಂತ ಗಟ್ಟಿಯಾಗಿ ಅಂಟಿಕೊಂಡರೆ ಅದು ಈ ಮೂರರಲ್ಲಿ ಯಾವುದೂ ಅಲ್ಲವೆಂದು ತಿಳಿಯಬಹುದು. ಅಂಟಿಕೊಳ್ಳದಿದ್ದರೆ 202 ಕೂಡ ಆಗಿರಬಹುದು, 304 ಕೂಡ ಆಗಿರಬಹುದು. ಬ್ಯಾಟರಿಯೊಂದಿಗೆ ಬಳಸುವ ಹನಿದ್ರವದ ಪರೀಕ್ಷೆಯಲ್ಲಿ ಬಣ್ಣದ ವ್ಯತ್ಯಾಸದಿಂದ ದರ್ಜೆ ಪತ್ತೆಹಚ್ಚಬಹುದು, ಅಂಗಡಿಯವರ ಎದುರಿನಲ್ಲೇ ಅದನ್ನು ಮಾಡಿಸಿಕೊಳ್ಳುವುದಕ್ಕೆ ನಾಚಿಕೆಪಡಬೇಕಾಗಿಲ್ಲ. ಪೈಪಿನ ಮೇಲೆ ಮುದ್ರೆಯಾಗಿರುವ ದರ್ಜೆಯ ಸಂಖ್ಯೆಯನ್ನು ಕತ್ತರಿಸುವ ಮೊದಲೇ ಓದಿ, ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಪಾಲಿಷ್ ಆದಮೇಲೆ ಆ ಮುದ್ರೆ ಉಳಿಯುವುದಿಲ್ಲ.

ನನ್ನ ಅಭಿಪ್ರಾಯವನ್ನು ಕೇಳಿದರೆ, ಉಪ್ಪಳ, ಮಂಜೇಶ್ವರ, ಕುಂಬಳೆ, ಬೇಕಲಗಳಂಥ ಕಡಲ ಬದಿಯ ಊರುಗಳಲ್ಲಿ, ಅಲೆಯ ಸದ್ದು ಕಿವಿಗೆ ಬೀಳುವಷ್ಟು ಹತ್ತಿರದ ಮನೆಗಳ ಹೊರಮೆಟ್ಟಿಲಿಗೆ 316ನ್ನೇ ಹಾಕಬೇಕು. ಮನೆಯೊಳಗಿನ ಮೆಟ್ಟಿಲಿಗೂ, ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಒಳನಾಡಿನ ಹೊರಮೆಟ್ಟಿಲಿಗೂ 304 ಸಾಕಾಗುತ್ತದೆ. 202ನ್ನು ಒಳನಾಡಿನ ಮನೆಯೊಳಗೆ, ನೀರು ಬೀಳದ ಕಡೆ ಬಳಸಿದರೆ ತಪ್ಪೇನಿಲ್ಲ. ಹಣ ಕಡಿಮೆ ಬಿದ್ದರೆ ವಿನ್ಯಾಸದ ಬಳ್ಳಿ, ಗೋಲಗಳನ್ನು ಬಿಟ್ಟುಬಿಡಬಹುದು, ದರ್ಜೆಯನ್ನು ಇಳಿಸಬಾರದು.

ದರ್ಜೆಯ ಹಾಗೆಯೇ ದಪ್ಪವೂ ಮುಚ್ಚಿಹೋಗುವ ವಿಷಯ, ಏಕೆಂದರೆ ಪೈಪಿನ ಎರಡೂ ತುದಿಗಳನ್ನು ಬೆಸೆದ ಮೇಲೆ ಒಳಗಿನ ದಪ್ಪ ಯಾರಿಗೂ ಕಾಣುವುದಿಲ್ಲ. ಅಂಗಡಿಯಲ್ಲಿ ಗೇಜಿನ ಲೆಕ್ಕವಿದ್ದು, ಗೇಜಿನ ಸಂಖ್ಯೆ ಏರಿದಷ್ಟೂ ಪೈಪು ತೆಳುವಾಗುತ್ತದೆ: 16 ಗೇಜ್ ಎಂದರೆ ಸುಮಾರು 1.6 ಮಿಲಿಮೀಟರ್, 18 ಗೇಜ್ ಎಂದರೆ ಸುಮಾರು 1.2. ಎರಡು ಇಂಚಿನ ದುಂಡು ಪೈಪಿನ 20 ಅಡಿ ಉದ್ದದ ಒಂದು ತುಂಡು 16 ಗೇಜಿನದಾದರೆ ಸುಮಾರು 12 ಕಿಲೋ ತೂಗುತ್ತದೆ, 18 ಗೇಜಿನದಾದರೆ 9 ಕಿಲೋದ ಆಸುಪಾಸು. ಅಡಿಕೆ ತೂಗುವ ತಕ್ಕಡಿ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಪೈಪು ಅಂಗಳಕ್ಕೆ ಬಂದಿಳಿದ ದಿನ ಒಂದನ್ನು ತೂಗಿ ನೋಡಿದರೆ ಸಂದೇಹ ಅಲ್ಲಿಗೇ ತೀರುತ್ತದೆ. ಎರಡನೆಯ ಸಲ ನಾನು ಅದನ್ನೇ ಮಾಡಿದೆ.

ಲೋಹ ಎಷ್ಟೇ ಒಳ್ಳೆಯದಿರಲಿ, ಕೆಲಸದ ರೀತಿ ಸರಿಯಿಲ್ಲದಿದ್ದರೆ ಅದು ಉಳಿಯುವುದಿಲ್ಲವೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ನಮ್ಮ ಕಡೆ ಒಂದೇ ಅಂಗಳದಲ್ಲಿ ಕಬ್ಬಿಣದ ಗೇಟನ್ನೂ ಸ್ಟೀಲಿನ ರೇಲಿಂಗನ್ನೂ ಒಟ್ಟಿಗೆ ಮಾಡಿಸುವುದು ರೂಢಿ. ಗೇಟಿನ ಕಬ್ಬಿಣವನ್ನು ಕತ್ತರಿಸುವಾಗ ಗ್ರೈಂಡರಿನಿಂದ ಹಾರುವ ಕಿಡಿಗಳು ಪಕ್ಕದಲ್ಲಿ ಮಲಗಿಸಿದ ಸ್ಟೀಲಿನ ಪೈಪಿನ ಮೇಲೆ ಬಿದ್ದು ಅಂಟಿಕೊಳ್ಳುತ್ತವೆ. ಮೊದಲ ಮಳೆಗೇ ಆ ಕಣಗಳು ತುಕ್ಕಾಗಿ, ಸ್ಟೀಲೇ ಕಳಪೆಯೆಂಬ ಅಪವಾದ ಬರುತ್ತದೆ. ಕಬ್ಬಿಣ ಕಡಿದ ಚಕ್ರದಿಂದಲೇ ಸ್ಟೀಲನ್ನು ಉಜ್ಜಿದರೂ ಇದೇ ಗತಿ. ಆದ್ದರಿಂದ ಎರಡು ಕೆಲಸಗಳನ್ನು ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಚಕ್ರಗಳಿಂದ ಮಾಡಿಸಬೇಕು. ಬೆಸುಗೆ ಹಾಕಿದ ಕಡೆ ಕಾವಿಗೆ ಮೂಡುವ ನೀಲಿ, ಕಂದು ಬಣ್ಣದ ಪಟ್ಟಿಯನ್ನು ಪೂರ್ತಿಯಾಗಿ ತೆಗೆಸಬೇಕು, ಏಕೆಂದರೆ ಆ ಪಟ್ಟಿಯ ಕೆಳಗೆ ಕ್ರೋಮಿಯಂ ಕಡಿಮೆಯಾಗಿದ್ದು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಪಾಲಿಷ್ ನಯವಾದಷ್ಟೂ ಉಪ್ಪು ನಿಲ್ಲುವುದಕ್ಕೆ ಎಡೆ ಕಡಿಮೆ. ಇನ್ನು, ಟೈಲ್ಸ್ ಹಾಕಿದವರು ಕೊನೆಯ ದಿನ ಸಿಮೆಂಟಿನ ಕಲೆ ತೆಗೆಯಲು ಆಸಿಡ್ ಹಾಕಿ ನೆಲ ತೊಳೆಯುತ್ತಾರಲ್ಲ, ಅದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಹಬೆ ತಾಗಿದರೆ 304ರ ಮೈಯೂ ಒಂದೇ ದಿನದಲ್ಲಿ ಕೆಡಬಹುದು. ಆಸಿಡ್ ತೊಳೆಯುವ ಕೆಲಸವೆಲ್ಲ ಮುಗಿದು, ನೆಲವನ್ನು ಧಾರಾಳ ನೀರಿನಿಂದ ತೊಳೆದು ಒಣಗಿಸಿದ ಮೇಲೆಯೇ ರೇಲಿಂಗ್ ಕೂರಿಸಬೇಕು.

ಕಂಬದ ಬುಡಕ್ಕೆ ಬೀಳುವ ಬಲದ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. 90 ಸೆಂಟಿಮೀಟರ್ ಎತ್ತರದಲ್ಲಿ 75 ಕಿಲೋ ಭಾರದಷ್ಟು ಬಲದಿಂದ ಒಬ್ಬರು ಕಂಬಿಯನ್ನು ತಳ್ಳಿದರೆ, ಸನ್ನೆಗೋಲಿನ ನಿಯಮದಂತೆ, ಪ್ಲೇಟಿನ ಅಂಚಿನಿಂದ ಏಳೂವರೆ ಸೆಂಟಿಮೀಟರ್ ದೂರದಲ್ಲಿರುವ ಬೋಲ್ಟುಗಳನ್ನು ಮೇಲಕ್ಕೆ ಕೀಳುವ ಬಲ ಹನ್ನೆರಡು ಪಟ್ಟಾಗಿ, ಸುಮಾರು 900 ಕಿಲೋ ಭಾರದಷ್ಟಾಗುತ್ತದೆ. ಅಷ್ಟನ್ನು ತಾಳಬೇಕಾದದ್ದು ಕಿರುಬೆರಳಿನ ಗಾತ್ರದ ಎರಡು ಬೋಲ್ಟುಗಳು. ಅವು ಕಂಬಿಯ ದರ್ಜೆಯವೇ ಆಗಿರಬೇಕು. ಬೋಲ್ಟಿನ ತಲೆಯ ಮೇಲೆ ಎ2 ಎಂಬ ಗುರುತು ಕೊರೆದಿದ್ದರೆ ಅದು 304ರ ಬಳಗದ್ದು, ಎ4 ಎಂದಿದ್ದರೆ 316ರದ್ದು. ಬೋಲ್ಟು ಕಚ್ಚಬೇಕಾದದ್ದು ಗಟ್ಟಿ ಕಾಂಕ್ರೀಟನ್ನು. ನಮ್ಮ ಮುರಕಲ್ಲು ಗೋಡೆಗೆ ಒಳ್ಳೆಯದೇ ಹೊರತು ಆಂಕರ್ ಬೋಲ್ಟನ್ನು ಹಿಡಿದಿಡುವಷ್ಟು ಬಿಗಿಯಲ್ಲ. ಮುರಕಲ್ಲಿನಲ್ಲಿ ಕಟ್ಟಿದ ಮೆಟ್ಟಿಲಾದರೆ ಕಂಬ ನಿಲ್ಲುವ ಜಾಗಗಳಲ್ಲಿ ಮೊದಲೇ ಕಾಂಕ್ರೀಟಿನ ಗಟ್ಟಿ ಹಾಕಿಸಿಡಬೇಕು.

ಕಬ್ಬಿಣವನ್ನು ಹಳತೆಂದು ತಳ್ಳಿಹಾಕುವವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಅಜ್ಜನ ಕಾಲದ ಮನೆಗಳ ಉಪ್ಪರಿಗೆಯಲ್ಲಿ ಕಾಣುವ ಗಟ್ಟಿ ಸರಳಿನ ಕಟಾಂಜನಗಳು ಬಣ್ಣ ಕಾಣುತ್ತ ಕಾಣುತ್ತ ಮೂರು ತಲೆಮಾರು ಬಾಳಿವೆ. ಗಟ್ಟಿ ಸರಳಿಗೆ ತುಕ್ಕು ಹಿಡಿದರೆ ಹೊರಗೆ ಕಾಣುತ್ತದೆ, ಕೆರೆದು ಬಣ್ಣ ಬಳಿಯಬಹುದು. ಈಗಿನ ಟೊಳ್ಳು ಪೈಪಿನಲ್ಲಿ ಬೆಸುಗೆಯ ಸಣ್ಣ ಬಿರುಕಿನಿಂದ ಇಳಿದ ಮಳೆನೀರು ಬುಡದಲ್ಲಿ ನಿಂತು ಒಳಗಿನಿಂದಲೇ ತಿನ್ನುತ್ತ ಬರುತ್ತದೆ; ಹೊರಗಿನ ಬಣ್ಣ ಹೊಸತರಂತೆಯೇ ಇರುವಾಗ ಒಂದು ದಿನ ಕಂಬ ಮುರಿಯುತ್ತದೆ. ಒಳನಾಡಿನಲ್ಲಿ ಕಬ್ಬಿಣವನ್ನೇ ಹಾಕಿಸುವುದಾದರೆ ದಪ್ಪ ಪೈಪು ಅಥವಾ ಗಟ್ಟಿ ಸರಳು ಆರಿಸಿ, ತುಕ್ಕನ್ನು ಪೂರ್ತಿ ಕೆರೆದು, ಎರಡು ಸಲ ಪ್ರೈಮರ್ ಕೊಟ್ಟು, ಅದರ ಮೇಲೆ ಬಣ್ಣ ಬಳಿಸಿ, ಟೊಳ್ಳು ಕಂಬದ ಬುಡದಲ್ಲಿ ನೀರು ಹೊರಹೋಗಲು ಒಂದು ತೂತು ಇಡಿಸಬೇಕು. ಎರಡು ಮೂರು ವರ್ಷಕ್ಕೊಮ್ಮೆ ಮಳೆಗೆ ಮೊದಲು ಬಣ್ಣ ಕಾಣಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಜಿಐ ಪೈಪಿನ, ಅಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣದ ಪೈಪಿನ ವಿಷಯದಲ್ಲಿ ಒಂದು ತಪ್ಪು ಎಲ್ಲೆಡೆ ನಡೆಯುತ್ತಿದೆ. ಅದರ ಬಾಳಿಕೆಯೆಲ್ಲ ಹೊರಗಿನ ಸತುವಿನ ಲೇಪದಲ್ಲಿದೆ. ಬೆಸುಗೆ ಹಾಕುವಾಗ ಆ ಲೇಪ ಬಿಳಿ ಹೊಗೆಯಾಗಿ ಸುಟ್ಟುಹೋಗುತ್ತದೆ. ಆ ಹೊಗೆ ಕುಡಿದ ವೆಲ್ಡರಿಗೆ ಸಂಜೆ ಚಳಿಜ್ವರ ಬರುವುದೂ ಉಂಟು. ಉಳಿದ ಕಡೆ ಲೇಪವಿದ್ದು ಬೆಸುಗೆಯ ಬಾಯಿಯಲ್ಲಿ ಇಲ್ಲದಿದ್ದರೆ ತುಕ್ಕು ಹಿಡಿಯಬಾರದ ಜಾಗದಲ್ಲೇ ಹಿಡಿಯುತ್ತದೆ. ತೆಳು ಹಾಳೆಗೆ ಮೊದಲೇ ಲೇಪ ಕೊಟ್ಟು ಮಾಡಿದ ಪೈಪಿನಲ್ಲಿ ಸತುವು ಒಂದು ಬದಿಗೆ ಹತ್ತಿಪ್ಪತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಮಾತ್ರ ಇರುತ್ತದೆ. ಇಡೀ ರೇಲಿಂಗನ್ನು ಬೆಸೆದು ಮುಗಿಸಿದ ಮೇಲೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾವಿನ ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆದರೆ 55ರಿಂದ 70 ಮೈಕ್ರಾನಿನ ಲೇಪ ಪೈಪಿನ ಒಳಗೂ ಹೊರಗೂ ಕೂರುತ್ತದೆ. ಮುಳುಗಿಸುವ ಕಂಬಗಳಿಗೆ ಗಾಳಿ ಹೋಗುವ ತೂತು ಬಿಟ್ಟಿರಲೇಬೇಕು, ಇಲ್ಲವಾದರೆ ಒಳಗಿನ ತೇವ ಆವಿಯಾಗಿ ಪೈಪು ಸಿಡಿಯುವ ಅಪಾಯವಿದೆ. ಊರೂರಲ್ಲಿ ಇಂಥ ತೊಟ್ಟಿ ಇಲ್ಲದಿರುವುದರಿಂದ ಸಾಗಾಟದ ಖರ್ಚು ಬೀಳುತ್ತದೆ. ಹಾಗಿದ್ದರೂ ಶಾಲೆ, ಸಭಾಭವನಗಳ ಉದ್ದನೆಯ ಹೊರಮೆಟ್ಟಿಲಿಗೆ ಇದು ತಕ್ಕ ದಾರಿ. ಅಲ್ಲಿಯೇ ನಿಂತು ಬೆಸೆಯಬೇಕಾಗಿ ಬಂದರೆ, ಬೆಸುಗೆಯನ್ನು ಉಜ್ಜಿ ಶುದ್ಧಮಾಡಿ ಸತುವು ಹೆಚ್ಚಿರುವ ಬಣ್ಣವನ್ನು ಆ ದಿನವೇ ಬಳಿಸಬೇಕು. ಸಾಮಾನ್ಯ ಬೆಳ್ಳಿಬಣ್ಣ ಸಾಲದು.

ಅಲ್ಯೂಮಿನಿಯಂ ಹಗುರ, ಕೆಂಪು ತುಕ್ಕು ಹಿಡಿಯುವುದಿಲ್ಲ, ಬಣ್ಣದ ಪುಡಿಲೇಪದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ತೂಕ ಉಕ್ಕಿನ ಮೂರನೆಯ ಒಂದು ಭಾಗವಿರುವಂತೆ ಬಾಗದೆ ನಿಲ್ಲುವ ಬಿಗುವೂ ಮೂರನೆಯ ಒಂದು ಭಾಗವೇ ಆದ್ದರಿಂದ ಉಕ್ಕಿನ ಅಳತೆಯ ಪೈಪನ್ನೇ ಅಲ್ಯೂಮಿನಿಯಂನಲ್ಲಿ ಹಾಕಿದರೆ ಕೈಯೂರಿದಾಗ ತೂಗಾಡುತ್ತದೆ. ಹಸಿ ಸಿಮೆಂಟಿನಲ್ಲಿ ನೇರವಾಗಿ ಹೂತರೆ ಸುಣ್ಣದ ಕ್ಷಾರ ಅದನ್ನು ತಿನ್ನುತ್ತದೆ.

ತೋಟದವರಾದ ನಾವು ಇನ್ನೊಂದು ವಿಷಯವನ್ನೂ ನೋಡಿಕೊಳ್ಳಬೇಕು, ಇದನ್ನು ಯಾವ ಅಂಗಡಿಯವರೂ ಹೇಳಲಾರರು. ಕೊಳೆರೋಗಕ್ಕೆ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕಾಗಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಸೇರಿಸುತ್ತೇವೆ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುವುದು ಹಿರಿಯರು ಹೇಳಿಕೊಟ್ಟ ಕ್ರಮ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಇನ್ನೂ ಬೇಕೆಂದು ಅರ್ಥ. ಕತ್ತಿಯ ಮೇಲೆ ಆಗುವುದೇ ರೇಲಿಂಗಿನ ಮೇಲೂ ಆಗುತ್ತದೆ. ಮೈಲುತುತ್ತಿನ ನೀರು ತಾಗಿದರೆ ಕಬ್ಬಿಣ, ಸತುವು, ಅಲ್ಯೂಮಿನಿಯಂ ಮೂರೂ ತಾವು ಕರಗಿ ತಾಮ್ರವನ್ನು ಮೈಮೇಲೆ ಕೂರಿಸಿಕೊಳ್ಳುತ್ತವೆ, ಕೂತ ತಾಮ್ರದ ಚುಕ್ಕಿ ಸುತ್ತಲಿನ ಲೋಹವನ್ನು ಮತ್ತಷ್ಟು ಕೊರೆಯುತ್ತದೆ. ಮೆಟ್ಟಿಲಿನ ಅಡಿಯ ಖಾಲಿ ಜಾಗದಲ್ಲಿ ಮೈಲುತುತ್ತಿನ ಚೀಲ, ಪಂಪು, ಪೈಪುಗಳನ್ನು ಇಡುವುದು, ಸಿಂಪಡಿಸಿ ಬಂದ ಪೈಪನ್ನು ಸುತ್ತಿ ಕಂಬಿಗೇ ನೇತುಹಾಕುವುದು ನಮ್ಮಲ್ಲಿ ಸಾಮಾನ್ಯ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಮೈಲುತುತ್ತಿನ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದುವ ಪ್ರಯೋಗವನ್ನು ಮಕ್ಕಳಿಗೆ ವರ್ಷವರ್ಷವೂ ತೋರಿಸಿದ್ದೇನೆ. ನನ್ನ ಮನೆಯ ಮೆಟ್ಟಿಲಿನಲ್ಲಿ ಅದೇ ನಡೆಯಬಹುದೆಂದು ಆಗ ಹೊಳೆಯಲಿಲ್ಲವೆಂಬ ನೋವು ನನಗಿದೆ. ಸ್ಪ್ರೇಯ ಸಾಮಾನಿಗೆ ಬೇರೆಯೇ ಮೂಲೆ ಇರಲಿ.

ಹಿತ್ತಾಳೆಯ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಕಿಲುಬು ಕಟ್ಟಿದಾಗೆಲ್ಲ ಹುಣಸೆಹುಳಿ ಹಾಕಿ ಬೆಳಗಲು ಜನವಿರುವ ಮನೆಗೆ ಅದು ಚೆಂದ. ಮೆಟ್ಟಿಲು ಪಡುವಣ ಬಿಸಿಲಿಗೆ ತೆರೆದುಕೊಂಡಿದ್ದರೆ ಕೈ ಹಿಡಿಯುವ ಮೇಲ್ಕಂಬಿಯನ್ನು ಮರದ್ದಾಗಿ ಮಾಡಿಸಿ ಉಳಿದದ್ದನ್ನು ಲೋಹದ್ದಾಗಿ ಇಡಬಹುದು, ಮೇ ತಿಂಗಳ ಮಧ್ಯಾಹ್ನ ಲೋಹದ ಕಂಬಿಯನ್ನು ಮಕ್ಕಳೂ ಮುದುಕರೂ ಮುಟ್ಟಲಾರರು.

ಅಳತೆಯ ವಿಷಯಕ್ಕೆ ಬಂದರೆ, ಕೈಪಿಡಿ (ಕೈ ಹಿಡಿಯುವ ಮೇಲ್ಕಂಬಿ) 90 ಸೆಂಟಿಮೀಟರಿಗಿಂತ ತಗ್ಗಾಗಿರಬಾರದೆಂಬುದು ಕೇರಳದ ಕಟ್ಟಡ ನಿಯಮ. ವಯಸ್ಸಾದವರಿಗೂ ಅಂಗವೈಕಲ್ಯವುಳ್ಳವರಿಗೂ ಅನುಕೂಲವಾಗುವಂಥ ಕಟ್ಟಡಗಳಿಗಾಗಿ ಕೇಂದ್ರ ಸರಕಾರ 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಕೈಪಿಡಿಯನ್ನು 76 ಮತ್ತು 90 ಸೆಂಟಿಮೀಟರ್ ಎತ್ತರಗಳಲ್ಲಿ ಎರಡು ಸಾಲಾಗಿ ಕೊಡಬೇಕು, ಅದು 38ರಿಂದ 45 ಮಿಲಿಮೀಟರ್ ವ್ಯಾಸದ ದುಂಡು ಕಂಬಿಯಾಗಿರಬೇಕು, ಮೆಟ್ಟಿಲು ಮುಗಿದ ಮೇಲೂ 30 ಸೆಂಟಿಮೀಟರ್ ಮುಂದುವರಿಯಬೇಕು ಎಂದಿತ್ತು; ಆ ಮಾರ್ಗಸೂಚಿ 2021ರಲ್ಲಿ ಪರಿಷ್ಕೃತವಾಗಿದೆ. ನಮ್ಮ ಅಂಗಡಿಗಳಲ್ಲಿ ಕೇಳದೆಯೇ ಕೊಡುವ ಎರಡು ಇಂಚಿನ ಪೈಪು ಇದಕ್ಕಿಂತ ದಪ್ಪ. ನೋಡಲು ಗಂಭೀರವಾಗಿದ್ದರೂ ಅಮ್ಮನ ಬೆರಳುಗಳು ಅದನ್ನು ಪೂರ್ತಿ ಸುತ್ತುವರಿಯುತ್ತಿರಲಿಲ್ಲ. ಹೊಸ ರೇಲಿಂಗಿನ ಮೇಲ್ಕಂಬಿಯನ್ನು ಒಂದೂವರೆ ಇಂಚಿನದಾಗಿ ಮಾಡಿಸಿದ್ದೇವೆ. ಚಿಕ್ಕ ಮಕ್ಕಳಿರುವಲ್ಲಿ ಕಂಬಿಗಳ ನಡುವಿನ ಸಂದು ನಾಲ್ಕು ಇಂಚು ಮೀರದಂತೆಯೂ, ಮಕ್ಕಳು ಹತ್ತುವ ಏಣಿಯಾಗದಂತೆ ಅಡ್ಡಕಂಬಿಗಳಿಗಿಂತ ಉದ್ದಕಂಬಿಗಳೇ ಹೆಚ್ಚಿರುವಂತೆಯೂ ನೋಡಿಕೊಳ್ಳಬೇಕು.

ಶಾಲೆಗಳ ಬಗ್ಗೆ ನನಗಿರುವ ಕಳವಳವನ್ನು ಹೇಳದೆ ಈ ಪತ್ರ ಮುಗಿಸಲಾರೆ. ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದಲ್ಲಿ (1987) ಮನೆಯ ಖಾಸಗಿ ಮೆಟ್ಟಿಲಿನ ರೇಲಿಂಗ್ ಪ್ರತಿ ಮೀಟರಿಗೆ 0.35 ಕಿಲೋನ್ಯೂಟನ್, ಅಂದರೆ ಸುಮಾರು 35 ಕಿಲೋ ಭಾರದಷ್ಟು ಅಡ್ಡತಳ್ಳನ್ನು ತಾಳಬೇಕೆಂದಿದ್ದರೆ, ಶಾಲೆ, ಸಭಾಭವನಗಳಂಥ ಜನ ಸೇರುವ ಕಡೆಗಳಿಗೆ ಅದು 2.25 ಕಿಲೋನ್ಯೂಟನ್, ಅಂದರೆ ಆರು ಪಟ್ಟಿಗೂ ಹೆಚ್ಚು. ಬೆಲ್ಲು ಹೊಡೆದೊಡನೆ ಐವತ್ತು ಮಕ್ಕಳು ಒಮ್ಮೆಗೇ ಇಳಿಯುವುದನ್ನು ದಿನವೂ ಕಂಡವಳಿಗೆ ಆ ಅಂಕಿಯ ಅರ್ಥ ಚೆನ್ನಾಗಿ ತಿಳಿಯುತ್ತದೆ. ಆದರೆ ಮನೆಗೆ ಹಾಕುವ 18 ಗೇಜಿನ ಪೈಪನ್ನೇ ಶಾಲೆಯ ಮೆಟ್ಟಿಲಿಗೂ ಹಾಕಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಎಸ್ಟಿಮೇಟುಗಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವುದರಿಂದ ನಮ್ಮ ಕನ್ನಡ ಶಾಲೆಗಳ ರಕ್ಷಕ ಶಿಕ್ಷಕ ಸಂಘದವರು ಅವನ್ನು ಓದದೆಯೇ ಸಹಿ ಮಾಡುವುದುಂಟು. ಆ ಪುಟವನ್ನು ಬಲ್ಲವರಿಂದ ಓದಿಸಿ ಕೇಳುವ ಹಕ್ಕು ಅವರಿಗಿದೆ. ಮಾರ್ಚ್ ತಿಂಗಳೊಳಗೆ ಮುಗಿಯಬೇಕಾದ ಕಾಮಗಾರಿಗಳ ಎಸ್ಟಿಮೇಟು ಈಗ ತಯಾರಾಗುತ್ತಿರುವುದರಿಂದ, ರೇಲಿಂಗಿನ ಕಲಮಿನಲ್ಲಿ ಈ ಕೆಳಗಿನ ಒಕ್ಕಣೆಯನ್ನು ಸೇರಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ. ಮನೆಯವರೂ ಇದನ್ನೇ ತಮ್ಮ ಬಿಲ್ಲಿನಲ್ಲಿ ಬರೆಸಿಕೊಳ್ಳಬಹುದು, ಒಳನಾಡಿನವರು 316ರ ಬದಲು 304 ಎಂದು ಬರೆಸಿದರೆ ಸಾಕು. ನಮ್ಮ ಎರಡನೆಯ ಬಿಲ್ಲಿನಲ್ಲಿ ಇರುವುದೂ ಇದೇ.

“ಹೊರಮೆಟ್ಟಿಲಿನ ರೇಲಿಂಗ್ ದರ್ಜೆ 316, ಪೈಪಿನ ದಪ್ಪ 16 ಗೇಜ್, ಬೋಲ್ಟು, ಪ್ಲೇಟುಗಳು ಅದೇ ದರ್ಜೆಯವು, ಕಂಬಗಳು ಕಾಂಕ್ರೀಟಿನಲ್ಲಿ, ಒಂದಕ್ಕೊಂದು ಒಂದು ಮೀಟರ್ ಅಂತರ ಮೀರದಂತೆ, ಬೆಸುಗೆಯ ಬಣ್ಣದ ಪಟ್ಟಿ ತೆಗೆದು ಪಾಲಿಷ್ ಮಾಡತಕ್ಕದ್ದು, ಬುಡದ ಮುಚ್ಚಳವನ್ನು ತೆರೆದು ತೋರಿಸಿದ ಮೇಲೆ ಹಣ ಪಾವತಿ.” ಶಾಲೆಯದಾದರೆ ಪೈಪಿನ ದಪ್ಪವನ್ನೂ ಕಂಬಗಳ ಅಂತರವನ್ನೂ ಇಂಜಿನಿಯರರು 2.25 ಕಿಲೋನ್ಯೂಟನಿನ ಲೆಕ್ಕದಲ್ಲಿ ತೀರ್ಮಾನಿಸಿ ತುಂಬಿಸಬೇಕು.

ಇತಿ,
ನಿವೃತ್ತ ಅಧ್ಯಾಪಿಕೆ,
ಕುಂಬಳೆ, ಕಾಸರಗೋಡು ಜಿಲ್ಲೆ